ಒಬ್ಬಳೇ ಹೊರಟ ಮೊದಲನೆಯ ದಿನ

ಹದಿನೇಳು ತಾಲೂಕುಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವದು ನಾನು ನಾಲ್ಕನೆಯ ಇಯತ್ತೆಯಲ್ಲಿ ಕಲಿತ ವಿದ್ಯೆ. ಧಾರವಾಡ, ಹುಬ್ಬಳ್ಳಿ, ಕಲಘಟಗಿ, ಕುಂದಗೋಳ ಎಂದು ಆರಂಭಿಸಿ, ನವಲಗುಂದ, ನರಗುಂದ, ರೋಣ, ಗದಗ ಎಂದು ಮೂಡಣಕ್ಕೆ ಹೊರಳಿ, ಕಡೆಗೆ ರಾಣೀಬೆನ್ನೂರಿಗೆ ಬಂದು ನಿಲ್ಲಬೇಕು. ನಡುವೆ ಒಂದು ತಪ್ಪಿದರೂ ಗುರುಗಳ ಕೈಯ ಬೆತ್ತವು ಮೇಲೇಳುತ್ತಿತ್ತು. 1997ರಲ್ಲಿ ಆ ಹಳೆಯ ಧಾರವಾಡ ಜಿಲ್ಲೆಯು ಒಡೆದು ಗದಗ, ಹಾವೇರಿಗಳು ಬೇರೆ ಜಿಲ್ಲೆಗಳಾದವು. ಅನಂತರ ರೋಣ ತಾಲೂಕಿನಿಂದ ಗಜೇಂದ್ರಗಡವೂ ಸಿಡಿದು ತಾನೇ ಒಂದು ತಾಲೂಕಾಯಿತು. ಆದರೆ ನನ್ನ ಬಾಯಿಪಾಠಕ್ಕೆ ಈ ಸುದ್ದಿಯು ಇನ್ನೂ ಮುಟ್ಟಿಲ್ಲ.

ಹೆಸರುಗಳನ್ನು ಬಲ್ಲೆನೇ ಹೊರತು ಊರುಗಳನ್ನು ಬಲ್ಲವಳಲ್ಲ. ಈ ಐವತ್ತೊಂಬತ್ತು ವರುಷಗಳಲ್ಲಿ ನಾನು ಪ್ರವಾಸ ಮಾಡಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಮದುವೆಗೆಂದು, ಬಾಣಂತನಕ್ಕೆಂದು, ಸತ್ತವರ ಮನೆಗೆ ಕಣ್ಣೀರು ಕೊಡಲೆಂದು ಎಷ್ಟೋ ಊರುಗಳಿಗೆ ಹೋಗಿರುವೆನು. ಆದರೆ ಪ್ರತಿಯೊಂದು ಸಲವೂ ಮುಂದೆ ಒಬ್ಬರು ಚೀಲ ಹಿಡಿದಿರುವರು, ಹಿಂದೆ ಒಬ್ಬರು ಕೂಸನ್ನು ಎತ್ತಿಕೊಂಡಿರುವರು; ನಾನು ನಡುವೆ. ಕಿಡಕಿಯ ಹತ್ತಿರದ ಜಾಗವು ಮಕ್ಕಳಿಗೆ ಹೋಗುತ್ತಿತ್ತು. ಊರಿನಲ್ಲಿ ಕಂಡದ್ದು ಆ ಮನೆಯ ಅಡಿಗೆಮನೆ ಮಾತ್ರ.

ನನ್ನ ಮಗಳ ವಿಷಯವನ್ನು ಇಲ್ಲಿ ಹೇಳದೆ ನಿರ್ವಾಹವಿಲ್ಲ. ಅವಳು ಇಂಜಿನಿಯರಿಂಗ್ ಕಲಿತು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೌಕರಿಯಲ್ಲಿರುವಳು. 2019ರ ಬೇಸಗೆಯಲ್ಲಿ ಹತ್ತು ದಿನ ರಜೆ ಪಡೆದು ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ನಗರಗಳನ್ನು ನೋಡಲು ಒಬ್ಬಳೇ ಹೊರಟಳು. ಮೊದಲನೆಯ ದಿನ ಸಂಜೆ ವಿಯೆನ್ನಾದಿಂದ ಫೋನು ಮಾಡಿ, ಯಾವುದೋ ಗೋಪುರವನ್ನು ಏರಿದೆನೆಂದೂ, ಇಳಿದು ಬಂದು ಒಂದು ಹೊಟೇಲಿನಲ್ಲಿ ಒಬ್ಬಳೇ ಕುಳಿತು ಊಟ ಮಾಡಿದೆನೆಂದೂ ಬಹಳ ಉಲ್ಲಾಸದಿಂದ ಹೇಳತೊಡಗಿದಳು. ನಾನು ಆಕೆಯ ಮಾತನ್ನು ನಡುವೆಯೇ ತಡೆದು, "ಯಾರೂ ಇಲ್ಲದವರು ಹಂಗ ಉಣ್ಣತಾರ" ಎಂದೆನು.

ಆ ಮಾತು ನನ್ನ ಬಾಯಿಂದ ಯಾಕೆ ಬಂದಿತೆಂಬದನ್ನು ನಾನು ಬಲ್ಲೆ. ಹೆದರಿಕೆಯಾಗಿತ್ತು. ತಾಯಂದಿರಿಗೆ ಹೆದರಿಕೆಯಾದಾಗ ಅದು ಬೈಗುಳಾಗಿಯೇ ಹೊರಗೆ ಬೀಳುವದಷ್ಟೆ. ಮಗಳು ತುಸು ಹೊತ್ತು ಸುಮ್ಮನಿದ್ದು, "ಆತವ್ವಾ" ಎಂದು ಫೋನು ಇಟ್ಟಳು. ಮುಂದಿನ ಒಂಬತ್ತು ದಿನಗಳ ಸುದ್ದಿಯನ್ನು ನನಗೆ ತಿಳಿಸಲಿಲ್ಲ. ಅಲ್ಲಿಂದ ಐದು ವರುಷ ಆಕೆ ವಾರಕ್ಕೊಮ್ಮೆ ತಪ್ಪದೆ ಫೋನು ಮಾಡಿದಳು; ನೆಗಡಿ, ಕೆಮ್ಮು, ಅಡಿಗೆ, ಹವೆ, ಸಂಬಳ ಎಲ್ಲವನ್ನೂ ಮಾತಾಡಿದಳು. ಎಲ್ಲಿಗೆ ಹೋದಳು, ಏನು ಕಂಡಳು ಎಂಬದನ್ನು ಮಾತ್ರ ನನ್ನ ಮುಂದೆ ಆಡಲಿಲ್ಲ. ನಾನೂ ಕೇಳಲಿಲ್ಲ. ಒಂದು ಮನೆಯಲ್ಲಿ ಎಲ್ಲ ಕೋಣೆಗಳೂ ತೆರೆದಿದ್ದು ಒಂದಕ್ಕೆ ಮಾತ್ರ ಬೀಗ ಬಿದ್ದಂತೆ ಆಗಿತ್ತು.

ಕಳೆದ 2024ರ ಡಿಸೆಂಬರದಲ್ಲಿ ನಮ್ಮ ಮನೆಯವರು ತಮ್ಮ ಗೆಳೆಯರೊಡನೆ ನಾಲ್ಕು ದಿನ ಯಾತ್ರೆಗೆ ಹೋದರು. ಮಗನ ಸಂಸಾರವು ಬೆಂಗಳೂರಿನಲ್ಲಿ. ಮನೆಯಲ್ಲಿ ನಾನು, ತುಳಸಿಯ ಗಿಡ, ಹಾಲಿನ ಪಾತ್ರೆ. ಆ ರಾತ್ರಿ ನಿದ್ರೆ ಬಾರದೆ ಹದಿನೇಳು ತಾಲೂಕುಗಳನ್ನು ಎಣಿಸುತ್ತಿದ್ದಾಗ ಮನಸ್ಸು ನರಗುಂದ, ರೋಣಗಳ ಹತ್ತಿರ ಬಂದು ನಿಂತಿತು. ಅಲ್ಲಿ ನನಗೆ ಬೀಗರಿಲ್ಲ, ಬಳಗವಿಲ್ಲ, ಹರಕೆಯಿಲ್ಲ. ಹೋಗಲು ಕಾರಣವೇ ಇಲ್ಲದ ಊರುಗಳು. ಅದೇ ಕಾರಣವೆಂದು ನಿಶ್ಚಯಿಸಿ, ನೆರೆಮನೆಯವರ ಕೈಯಲ್ಲಿ ಕೀಲಿಯನ್ನು ಕೊಟ್ಟು, ಎರಡು ಸೀರೆ, ಒಂದು ಶಾಲು, ನಾಲ್ಕು ಖಡಕ ರೊಟ್ಟಿ, ಶೇಂಗಾ ಹಿಂಡಿ, ಗುಳಿಗೆಗಳ ಡಬ್ಬಿ ಇಷ್ಟನ್ನು ಚೀಲಕ್ಕೆ ತುಂಬಿ, ಬೆಳಗಿನ ಆರು ಗಂಟೆಗೆ ಹುಬ್ಬಳ್ಳಿಯ ನಿಲ್ದಾಣದಲ್ಲಿ ನಿಂತೆನು. ಎಲ್ಲಿಗೆ ಎಂದು ನೆರೆಯಾಕೆ ಕೇಳಿದಾಗ "ಸಂಬಂಧಿಕರ ಮನೆಗೆ" ಎಂದು ಸುಳ್ಳು ಹೇಳಿದೆನು. ನಿಜವನ್ನು ಹೇಳಿದ್ದರೆ ಆಕೆ ನಮ್ಮವರಿಗೆ ಫೋನು ಮಾಡುತ್ತಿದ್ದಳು.

ಬಸ್ಸಿನಲ್ಲಿ ಕಿಡಕಿಯ ಬದಿಗೆ ಕುಳಿತೆನು. ಕಂಡಕ್ಟರನು ಬಂದು, "ಎಲ್ಲೀಗ್ರೀ ಅಮ್ಮಾರ?" ಎಂದನು.

"ನರಗುಂದಕ್ಕ."

"ಎಷ್ಟ ಮಂದಿ ಅದೀರಿ?"

"ಒಬ್ಬಾಕಿನ" ಎನ್ನುವಾಗ ನನ್ನ ಧ್ವನಿಯು ಸಣ್ಣದಾಯಿತು. ಆತನು ಅದನ್ನು ಲಕ್ಷಿಸಲಿಲ್ಲ. ಆಧಾರ ಕಾರ್ಡನ್ನು ನೋಡಿ ಶೂನ್ಯ ರೂಪಾಯಿಯ ಚೀಟಿಯನ್ನು ಹರಿದುಕೊಟ್ಟು ಮುಂದೆ ನಡೆದನು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರದ ಸಾಧಾರಣ ಬಸ್ಸುಗಳಲ್ಲಿ ಖರ್ಚಿಲ್ಲದೆ ಪ್ರಯಾಣಿಸುವ ಅನುಕೂಲತೆಯಾಗಿರುವದು ವಾಚಕರಿಗೆ ತಿಳಿದದ್ದೇ. ಇದರಿಂದ ಬೊಕ್ಕಸಕ್ಕೆ ಹಾನಿಯೋ ಲಾಭವೋ ಎಂದು ಗಂಡಸರು ಕಟ್ಟೆಯ ಮೇಲೆ ಕುಳಿತು ವಾದಿಸುವರು. ನನಗೆ ತೋರುವದು ಬೇರೆ. ಮನೆಯ ಖರ್ಚಿನ ದುಡ್ಡಿನಲ್ಲಿ ತಿರುಗಾಟಕ್ಕೆಂದು ಒಂದು ರೂಪಾಯಿಯನ್ನು ತೆಗೆದರೂ ಅದಕ್ಕೆ ಲೆಕ್ಕ ಹೇಳಬೇಕಾದ ಹೆಂಗಸಿಗೆ, ಲೆಕ್ಕವೇ ಇಲ್ಲದ ಒಂದು ಚೀಟಿಯು ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ.

ನವಲಗುಂದವನ್ನು ದಾಟುವಾಗ ಬಿಸಿಲು ಏರಿತ್ತು. ಜಮಖಾನೆಗಳಿಂದ ಹೆಸರಾದ ಊರು. ನಮ್ಮ ಮನೆಯಲ್ಲಿ ಅತ್ತೆಯವರ ಕಾಲದ ನವಲಿನ ಚಿತ್ರದ ಜಮಖಾನೆಯೊಂದು ಇನ್ನೂ ಇದೆ. ಅಲ್ಲಿಂದ ಮುಂದೆ ಎರಡೂ ಬದಿಗೆ ಎರೆಯ ಹೊಲ. ಕಡಲೆಯ ಹಸುರು, ಜೋಳದ ಹಸುರು, ನಡುನಡುವೆ ಹತ್ತಿಯ ಬಿಳುಪು. ಗಿಡಮರಗಳೇ ಇಲ್ಲದ ಆ ಬಯಲು ಆಕಾಶಕ್ಕೆ ಹೋಗಿ ತಗಲುತ್ತದೆ. ಹಾಗೆ ನೋಡುತ್ತಿರುವಾಗ, ನೆಲದ ಮೇಲೆ ಯಾರೋ ತಂದಿಟ್ಟಂತೆ ನರಗುಂದದ ಗುಡ್ಡವು ಒಮ್ಮೆಲೆ ಎದ್ದು ನಿಂತಿತು.

ಗುಡ್ಡವನ್ನು ಏರಬೇಕೆಂದು ನಾನು ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ. ಕೆಳಗೆ ಚಹಾ ಕುಡಿದು ಮೇಲೆ ನೋಡಿದೆನು, ಏರತೊಡಗಿದೆನು. ಮೊಣಕಾಲು ನೋವಿನವರು ಒಬ್ಬರೇ ಏರುವದರಲ್ಲಿ ಒಂದು ಸುಖವಿದೆಯೆಂದು ಅಂದು ಅರಿತೆನು: ಎಲ್ಲಿ ಬೇಕೋ ಅಲ್ಲಿ ಕುಳಿತುಕೊಳ್ಳಬಹುದು, "ಆತೇನು? ಏಳು" ಎನ್ನುವವರಿಲ್ಲ. ಹೀಗೆ ಕುಳಿತು ಎದ್ದು, ಎದ್ದು ಕುಳಿತು ಮೇಲೆ ಮುಟ್ಟಿದಾಗ ಸೆರಗೆಲ್ಲ ಬೆವರು.

ಶಿವಾಜಿಯ ಕಾಲದ ಕೋಟೆಯೆಂದು ಹೇಳುವರು. 1785ರಲ್ಲಿ ಟೀಪುವಿನ ಸೈನ್ಯವು ಇದನ್ನು ಮುತ್ತಿತ್ತು. ಆದರೆ ನರಗುಂದವೆಂದೊಡನೆ ನಮ್ಮ ಭಾಗದವರಿಗೆ ನೆನಪಾಗುವದು 1858ನೆಯ ಇಸವಿ, ಬಾಬಾಸಾಹೇಬ ಭಾವೆ. ಮಗನಿಲ್ಲದ ಅರಸನು ದತ್ತಕ ತೆಗೆದುಕೊಳ್ಳಲು ಕೇಳಿದರೆ ಕಂಪನಿಯ ಸರಕಾರವು ಒಪ್ಪಲಿಲ್ಲ. ಸಾವಿರಾರು ಗ್ರಂಥಗಳ ಭಂಡಾರವನ್ನು ಇಟ್ಟುಕೊಂಡಿದ್ದ ಆ ವಿದ್ಯಾವಂತನು ಕತ್ತಿಯನ್ನು ಹಿಡಿದನು. ಮೇ 29ರ ರಾತ್ರಿ ಸುರೇಬಾನದಲ್ಲಿ ಇಳಿದಿದ್ದ ಪೊಲಿಟಿಕಲ್ ಏಜಂಟ ಮ್ಯಾನ್ಸನ್ ಸಾಹೇಬನನ್ನು ಕೊಂದು, ಆತನ ತಲೆಯನ್ನು ನರಗುಂದದ ಅಗಸೆಗೆ ಕಟ್ಟಿಸಿದರು. ನಾಲ್ಕು ದಿನಗಳಲ್ಲಿಯೇ ಇಂಗ್ಲಿಷರ ದಂಡು ಬಂದಿತು, ಕೋಟೆ ಬಿದ್ದಿತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಇಷ್ಟನ್ನು ಶಾಲೆಯಲ್ಲಿ ಓದಿದ್ದೆನು. ಆತನ ತಾಯಿಯೂ ಹೆಂಡತಿಯೂ ಊರು ಬಿಟ್ಟು ಹೊರಟು ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರೆಂಬ ಮಾತನ್ನು ಮಾತ್ರ ದೊಡ್ಡವಳಾದ ಮೇಲೆ ಒಂದು ಪುಸ್ತಕದಲ್ಲಿ ಕಂಡೆನು. ಮೇಲೆ ನಿಂತಾಗ ನನಗೆ ಕತ್ತಿ ಕುದುರೆಗಳು ನೆನಪಾಗಲಿಲ್ಲ. ಆ ಇಬ್ಬರು ಹೆಂಗಸರು ಹೊಸ್ತಿಲು ದಾಟಿ ಹೊರಬಿದ್ದ ರಾತ್ರಿಯು ನೆನಪಾಯಿತು. ಅವರ ಪಾಲಿಗೆ ಅದೇ ಮೊದಲನೆಯ ಒಂಟಿ ಪ್ರಯಾಣವಾಗಿದ್ದಿರಬೇಕು.

ಗುಡ್ಡದ ಮೇಲೆ ಗಾಳಿಯೊಂದೇ. ಕೆಳಗೆ ಊರು, ಹೊಲಗಳ ಚೌಕಗಳು, ಕಾಲುವೆ. ಆ ಮಲಪ್ರಭೆಯ ನೀರಿನ ಸಲುವಾಗಿಯೇ, ನೀರು ಬರುವ ಮೊದಲೇ ಹೇರಿದ ಕರದ ಸಲುವಾಗಿಯೇ, 1980ರ ಜುಲೈ 21ರಂದು ಇಲ್ಲಿಯೂ ನವಲಗುಂದದಲ್ಲಿಯೂ ರೈತರು ಎದ್ದರು, ಗೋಲೀಬಾರು ಆಯಿತು. ಆ ದಿನ ನಾನು ಹುಬ್ಬಳ್ಳಿಯಲ್ಲಿ ಶಾಲೆಯ ಹುಡುಗಿ. ತಂದೆಯವರು ರೇಡಿಯೋವನ್ನು ಸಣ್ಣದಾಗಿ ಹಚ್ಚಿ, ನಮ್ಮನ್ನು ಒಳಗೆ ಕಳುಹಿಸಿದ್ದು ನೆನಪಿದೆ. ಹೀಗೆ ಎಷ್ಟು ಸುದ್ದಿಗಳು ನಮ್ಮ ಕಿವಿಗೆ ಬೀಳದಂತೆ ಬಾಗಿಲು ಹಾಕಿದ್ದರೋ!

ಇಳಿದು ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿತ್ತು. ಚೀಲದಲ್ಲಿ ರೊಟ್ಟಿಯಿತ್ತು. ಆದರೆ ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಗಂಟು ಬಿಚ್ಚುವದು ಪ್ರವಾಸವಲ್ಲವೆಂದು ತೋರಿ, ಒಂದು ಖಾನಾವಳಿಯ ಮುಂದೆ ಹೋಗಿ ನಿಂತೆನು. ಒಳಗೆ ಗಂಡಸರೇ. ಬಾಗಿಲಿನಲ್ಲಿ ನಾನು ನಿಂತ ಹೊತ್ತು, ಸುಳ್ಳೇಕೆ ಹೇಳಲಿ, ಗುಡ್ಡವನ್ನು ಏರಿದ ಹೊತ್ತಿಗಿಂತ ಉದ್ದವಾಗಿ ತೋರಿತು. ಬಡಿಸುವ ಹುಡುಗನು, "ಬರ್ರಿ ಅವ್ವಾರ, ಇಲ್ಲಿ ಕುಂಡ್ರರಿ" ಎಂದು ಮೂಲೆಯ ಮೇಜನ್ನು ಒರಸಿದನು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಉಳ್ಳಾಗಡ್ಡಿ, ಮೊಸರು. ನಲ್ವತ್ತು ವರುಷ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಒಲೆಯ ಮುಂದೆ ಕುಳಿತು ಉಂಡವಳಿಗೆ, ಒಬ್ಬನು ಬಂದು "ಇನ್ನೊಂದ ರೊಟ್ಟಿ ಹಾಕ್ಲೇನ್ರಿ?" ಎಂದು ಮೂರು ಸಲ ಕೇಳಿದನು. ಮೂರನೆಯ ಸಲಕ್ಕೆ ನನ್ನ ಗಂಟಲು ಕಟ್ಟಿತು. "ಯಾರೂ ಇಲ್ಲದವರು ಹಂಗ ಉಣ್ಣತಾರ" ಎಂದು ನಾನು ಆಡಿದ ಮಾತು ಆ ಮೂಲೆಯ ಮೇಜಿಗೆ ಬಂದು ನನ್ನೆದುರಿಗೆ ಕುಳಿತಿತು. ಆದರೆ ನಿಜ ಹೇಳುವದಾದರೆ ಊಟ ಬಹಳ ರುಚಿಯಾಗಿತ್ತು. ಆ ಹುಡುಗಿಯೂ ಇಷ್ಟನ್ನೇ ಹೇಳಲಿದ್ದಳು.

ರೋಣದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ದ್ರೋಣಪುರವೆಂಬದೇ ರೋಣವಾಯಿತೆಂದು ಅಲ್ಲಿನವರು ಹೇಳುವರು. ಊರಲ್ಲಿ ಹಳೆಯ ಕಲ್ಲುಗುಡಿಗಳಿವೆ. ಒಂದೆರಡನ್ನು ನೋಡಿ, ನಿಲ್ದಾಣಕ್ಕೆ ಮರಳಿ, ಸೂಡಿಯ ಮೇಲೆ ಗಜೇಂದ್ರಗಡಕ್ಕೆ ಹೋಗುವ ಬಸ್ಸನ್ನು ಕಾಯುತ್ತ ಕುಳಿತೆನು. ಪಕ್ಕದಲ್ಲಿದ್ದ ಒಬ್ಬ ಮುದುಕಿಯು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾವ ಊರು, ಯಾರ ಪೈಕಿ, ಎಷ್ಟು ಮಕ್ಕಳು ಎಂದೆಲ್ಲ ವಿಚಾರಿಸಿ, ಕಡೆಗೆ "ಯಾತಕ್ಕ ಬಂದೀಯವ್ವಾ?" ಎಂದಳು.

"ಸುಮ್ಮನ, ನೋಡಾಕ."

ಮುದುಕಿಯು ಇದನ್ನು ಬಾಯಲ್ಲಿ ಹಾಕಿಕೊಂಡು ಜಗಿದಂತೆ ತುಸು ಹೊತ್ತು ವಿಚಾರ ಮಾಡಿದಳು. "ನೋಡು ತಂಗಿ, ನೋಡು. ಕಣ್ಣ ಇದ್ದಾಗ ನೋಡಬೇಕು" ಎಂದು, ಸೆರಗಿನ ಗಂಟಿನಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಉಡಿಗೆ ಹಾಕಿದಳು. ಆಕೆಯ ಒಂದು ಕಣ್ಣಿಗೆ ಪೊರೆ ಬಂದಿತ್ತು.

ಸೂಡಿಯಲ್ಲಿ ಇಳಿದದ್ದು ಅಕ್ಕಾದೇವಿಯ ಸಲುವಾಗಿ. ಕಲ್ಯಾಣದ ಚಾಲುಕ್ಯರ ಜಯಸಿಂಹನ ಸೋದರಿ; ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದವಳು; ಗುಣದ ಬೆಡಂಗಿಯೆಂದು ಬಿರುದು ಪಡೆದವಳು; ಗೋಕಾಗೆಯ, ಅಂದರೆ ಇಂದಿನ ಗೋಕಾವಿಯ, ಕೋಟೆಯನ್ನು ದಂಡು ಕಟ್ಟಿಕೊಂಡು ಹೋಗಿ ಮುತ್ತಿದವಳು. ಅವಳ ಕಾಲದ ಸೂಡಿಯು ನಾಣ್ಯಗಳನ್ನು ಅಚ್ಚುಹಾಕುವ ಟಂಕಸಾಲೆಯಿದ್ದ ಪಟ್ಟಣ. ಈಗ ಒಂದು ಹಳ್ಳಿ. ಜೋಡು ಕಳಸದ ಗುಡಿಯ ಎರಡೂ ಶಿಖರಗಳು ಒಂದನ್ನೊಂದು ನೋಡುತ್ತ ನಿಂತಿವೆ, ಸಮೀಪದಲ್ಲಿ ನಾಗಕುಂಡ. ಸುತ್ತಲೂ ಗೋಡೆಗೂಡುಗಳಿರುವ, ಮೆಟ್ಟಲು ಮೆಟ್ಟಲಾಗಿ ಕೆಳಕ್ಕಿಳಿಯುವ ಆ ಪುಷ್ಕರಣಿಯನ್ನು ಮಾತುಗಳಲ್ಲಿ ಬರೆಯುವದು ನನ್ನಿಂದಾಗದು. ಆಭರಣಗಳ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೆಲದಲ್ಲಿ ಹುಗಿದಂತಿದೆಯೆಂದಷ್ಟೇ ಹೇಳಬಲ್ಲೆ. ಕೆಳಗಿನ ಮೆಟ್ಟಲಿನ ಮೇಲೆ ಕುಳಿತು ಮುದುಕಿಯ ಶೇಂಗಾವನ್ನು ತಿಂದೆನು. ಕಲ್ಲು ತಣ್ಣಗಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನೂ ಯಾರಿಗೂ ಏನನ್ನೂ ಬಡಿಸಬೇಕಾಗಿರಲಿಲ್ಲ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೆಂಬದು ತಿಳಿಯಲಿಲ್ಲ. ಮೇಲೆ ಬಂದು ನೋಡಿದರೆ ನಾನು ಹತ್ತಬೇಕೆಂದಿದ್ದ ಬಸ್ಸು ಹೋಗಿಬಿಟ್ಟಿತ್ತು.

ಮುಂದಿನ ಬಸ್ಸು ಗಜೇಂದ್ರಗಡವನ್ನು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಮ್ಮ ಉದ್ದನೆಯ ಕೈಗಳನ್ನು ಸಾವಕಾಶವಾಗಿ ತಿರುವುತ್ತಿದ್ದವು. ಕೆಳಗೆ ಓಣಿಯೊಂದರಿಂದ ಮಗ್ಗದ ಸಪ್ಪಳ. ಘೋರ್ಪಡೆಯವರ ಕೋಟೆಯ ಊರು. 1787ರಲ್ಲಿ ಟೀಪುವಿಗೂ ಮರಾಠರಿಗೂ ಒಡಂಬಡಿಕೆಯಾದ ಊರು. ಪಟ್ಟೇದಂಚಿನ ಸೀರೆಗಳ ಊರು. ಇದೆಲ್ಲವನ್ನೂ ನಿಂತು ನೋಡುವ ಸಮಾಧಾನವು ನನಗಿರಲಿಲ್ಲ. ಬೆಳಗಿನಿಂದ ಬಾರದ ಹೆದರಿಕೆಯು ಕತ್ತಲೆಯೊಡನೆ ಬಂದಿತು. ಒಂದು ವಸತಿಗೃಹದ ಒಳಕ್ಕೆ ಹೋಗಿ ಖೋಲಿ ಬೇಕೆಂದೆನು.

ಲೆಕ್ಕದ ಮೇಜಿನ ಹಿಂದಿದ್ದ ತರುಣನು ನನ್ನ ಹಿಂದೆ ನೋಡಿದನು. ಬಾಗಿಲಿನ ಹೊರಗೂ ನೋಡಿದನು. "ಜೋಡಿ ಯಾರದಾರ್ರೀ?"

"ಯಾರೂ ಇಲ್ಲ."

"ಒಬ್ಬಾಕಿ ಹೆಣ್ಮಗಳಿಗೆ ಖೋಲಿ ಕೊಡೂದಿಲ್ರೀ. ಮಾಲಕರು ಹಂಗ ಹೇಳ್ಯಾರ್ರಿ. ತಪ್ಪ ತಿಳೀಬ್ಯಾಡ್ರಿ."

ಅವನ ಮಾತು ವಿನಯದ್ದೇ. ಆದರೆ ಮಗನ ವಯಸ್ಸಿಗಿಂತ ಸಣ್ಣವನೊಬ್ಬನ ಮುಂದೆ ಹೆಗಲಿಗೆ ಚೀಲ ಹಾಕಿಕೊಂಡು, ನಾನು ಯೋಗ್ಯಳೆಂದು ತೋರಿಸಿಕೊಡಬೇಕಾದ ಪ್ರಸಂಗವು ನನಗೆ ಎಂದೂ ಬಂದಿರಲಿಲ್ಲ. ಆಧಾರ ಕಾರ್ಡು ಇಟ್ಟೆನು. ಔಷಧದ ಚೀಟಿಯನ್ನೂ ಇಟ್ಟೆನು. ಆತನು ತಲೆ ಕೆರೆದುಕೊಂಡು, "ಮನಿಯವರ ನಂಬರ ಕೊಡ್ರಿ. ಅವರು ಹೂಂ ಅಂದ್ರ ಕೊಡತೀನ್ರಿ" ಎಂದನು.

ನಮ್ಮವರಿಗೆ ಮಾಡಿಸಿದರೆ ಯಾತ್ರೆಯನ್ನು ಬಿಟ್ಟು ಆ ರಾತ್ರಿಯೇ ಓಡಿ ಬರುವರು. ಮಗನಿಗೆ ಮಾಡಿಸಿದರೆ ತಂದೆಗೆ ತಿಳಿಯುವದು. ಒಂದು ಗಳಿಗೆ ಸುಮ್ಮನೆ ನಿಂತು ಮಗಳ ನಂಬರನ್ನು ಕೊಟ್ಟೆನು. ಹೊರದೇಶದ ನಂಬರನ್ನು ಕಂಡು ಆತನು ಹುಬ್ಬೇರಿಸಿದನು. ನನ್ನ ಫೋನಿನಿಂದಲೇ ಕರೆ ಮಾಡಿದನು.

"ನಮಸ್ಕಾರ್ರೀ. ಗಜೇಂದ್ರಗಡದಿಂದ ಮಾತಾಡತೀನ್ರಿ. ನಿಮ್ಮ ತಾಯಾರು ಒಬ್ಬರ ಬಂದಾರ್ರಿ. ನಿಮಗ ಗೊತ್ತೈತೇನ್ರೀ?"

ಗೊತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಅತ್ತಲಿಂದ ಏನೂ ಕೇಳಿಸಲಿಲ್ಲ. ಆ ಮೌನವು ಎಷ್ಟು ಉದ್ದವಾಯಿತೆಂದರೆ, ಐದು ವರುಷದ ಹಿಂದಿನ ಆ ಇನ್ನೊಂದು ಮೌನವೇ ಇನ್ನೂ ಮುಗಿದಿಲ್ಲವೋ ಎಂದು ನನಗೆ ಅನಿಸಿತು. ಅನಂತರ ಆಕೆಯ ಧ್ವನಿಯು ದೂರದಿಂದ ಸ್ಪಷ್ಟವಾಗಿ ಬಂದಿತು:

"ಹೌದ್ರಿ, ಗೊತ್ತೈತ್ರಿ. ನಮ್ಮವ್ವ ಪ್ರವಾಸಕ್ಕ ಬಂದಾಳ್ರಿ. ರಸ್ತೇಕಡೆ ಕಿಡಕಿ ಇದ್ದ ಖೋಲಿ ಕೊಡ್ರಿ."

ಖೋಲಿಯು ಸಣ್ಣದು, ಹಾಸಿಗೆಯು ಸ್ವಚ್ಛವಾಗಿತ್ತು. ಚಿಲಕ ಹಾಕಿ ಕುಳಿತೊಡನೆ ಫೋನು ಮತ್ತೆ ಕೂಗಿತು. "ಅವ್ವಾ, ಚಿಲಕ ಹಾಕ್ಕೊಂಡಿಯಿಲ್ಲೋ?" ಎಂದೇ ಆಕೆ ಮಾತಿಗೆ ಆರಂಭಿಸಿದಳು. ಇದು ನನ್ನ ಮಾತು; ಕಲಿಯಲು ಊರು ಬಿಟ್ಟಂದಿನಿಂದ ಆಕೆಗೆ ನಾನು ಕೇಳುತ್ತ ಬಂದ ಮಾತು. ನೀರು ಕುದಿಸಿದ್ದೇ ಕುಡಿ, ಹಣವನ್ನು ಎರಡು ಕಡೆ ಇಡು, ಗುಳಿಗೆ ಮರೆಯಬೇಡ ಎಂದು ನನ್ನ ಎಲ್ಲ ಉಪದೇಶಗಳನ್ನೂ ಬಡ್ಡಿಯ ಸಮೇತ ಮರಳಿಸಿ, ಕಡೆಗೆ, "ಊಟ ಎಲ್ಲಿ ಮಾಡಿದಿ?" ಎಂದು ಕೇಳಿದಳು.

"ನರಗುಂದದಾಗ. ಖಾನಾವಳಿಯೊಳಗ."

"ಯಾರ ಜೋಡಿ?"

"ಒಬ್ಬಾಕಿನ" ಎಂದೆನು. ಈ ಸಲ ಧ್ವನಿ ಸಣ್ಣದಾಗಲಿಲ್ಲ. "ಅವತ್ತ ನಾ ಹಂಗ ಅನಬಾರದಿತ್ತವ್ವಾ. ನೀ ಅವತ್ತ ಏರಿದೆಲ್ಲಾ, ಆ ಗೋಪುರದ ಸುದ್ದಿ ಈಗರೆ ಹೇಳು."

ವಿಯೆನ್ನಾದ ಬಗೆಗೆ ನಾನು ಬಲ್ಲದ್ದೆಲ್ಲವೂ ಆ ರಾತ್ರಿ ಗಜೇಂದ್ರಗಡದ ಖೋಲಿಯಲ್ಲಿ ಕೇಳಿದ್ದು. ಮ್ಯೂನಿಕ್‌ನಿಂದ ರೈಲಿನಲ್ಲಿ ನಾಲ್ಕು ತಾಸಿನ ಹಾದಿ. ನಗರದ ನಡುವೆ ಸಂತ ಸ್ಟೀಫನ್ನನ ದೇವಾಲಯ. ಬಣ್ಣದ ಹೆಂಚುಗಳ ಮಾಡು. ಅದರ ತೆಂಕಣ ಗೋಪುರವು 136 ಮೀಟರು ಎತ್ತರ. 1683ರಲ್ಲಿ ತುರ್ಕರ ಸೈನ್ಯವು ನಗರವನ್ನು ಮುತ್ತಿದಾಗ ಕಾವಲುಗಾರರು ಅದರ ಮೇಲಿಂದಲೇ ವೈರಿಗಳನ್ನು ನೋಡುತ್ತಿದ್ದರಂತೆ. ಅಲ್ಲಿನ ಕಾಫಿಯ ಅಂಗಡಿಗಳಲ್ಲಿ ಕಾಫಿಯೊಡನೆ ತಟ್ಟೆಯಲ್ಲಿ ಒಂದು ಲೋಟ ನೀರನ್ನೂ ಇಟ್ಟು ಕೊಡುವರು. ಒಂದು ಬಟ್ಟಲು ಕಾಫಿಗೆ ತಾಸುಗಟ್ಟಲೆ ಕುಳಿತರೂ ಏಳೆನ್ನುವವರಿಲ್ಲ. ಗೋಪುರದೊಳಗಿನ ಮೆಟ್ಟಲುಗಳು ಸುತ್ತಿ ಸುತ್ತಿ ಏರುವವು. ಗೋಡೆಯನ್ನು ಹಿಡಿದು ಹಿಡಿದು, ನಡುವೆ ಹೆದರಿ ನಿಂತು, ಮತ್ತೆ ಏರಿದೆನೆಂದಳು. ಹೆದರಿದ್ದನ್ನು ನನ್ನ ಮುಂದೆ ಹೇಳಲೆಂದೇ ಅಂದು ಫೋನು ಮಾಡಿದ್ದಳಂತೆ.

"ಮೆಟ್ಟಲು ಎಷ್ಟಿದ್ದುವು?"

"ಮುನ್ನೂರಾ ನಲ್ವತ್ತಮೂರು. ನೀ ಏರಿದ ಗುಡ್ಡಕ್ಕೆಷ್ಟು?"

ಎಣಿಸಿರಲಿಲ್ಲ. ಹದಿನೇಳು ತಾಲೂಕು ಎಣಿಸಿದವಳು ಅದನ್ನು ಮರೆತಿದ್ದೆನು. ಮರುದಿನ ಬೆಳಗಿಗೆ ಕಾಳಕಾಲೇಶ್ವರಕ್ಕೆ ಹೋಗುವವಳಿದ್ದೆನು. ಅಲ್ಲಿಯೂ ಗುಡ್ಡದ ಓರೆಯಲ್ಲಿ ಗುಡಿ, ಮೆಟ್ಟಲು, ಗಿಡದ ಬೇರಿನ ಬುಡದಿಂದ ಬತ್ತದೆ ಹರಿಯುವ ಅಂತರಗಂಗೆ. ಅಲ್ಲಿನ ಮೆಟ್ಟಲುಗಳನ್ನು ಎಣಿಸಿ ಹೇಳುವೆನೆಂದೆನು. "ಎಣಿಸಿ ಆದ ಕೂಡಲೆ ಮಾಡು, ಕಾಯತಿರ್ತೀನಿ" ಎಂದಳು. ಅಲ್ಲಿ ಆಗ ನಸುಕಿನ ಜಾವವಾಗಿರುವದೆಂದು ನಾನು ನೆನಪುಮಾಡಿಕೊಟ್ಟೆನು. ಇರಲಿ ಬಿಡು ಎಂದಳು.